ಕೆಳಕೋಣೆಯ ಏರುಪೇರು ನೆಲ: ಸಿಮೆಂಟ್ ಆಮೇಲೆ, ನೀರು ಮೊದಲು

ಪ್ರಶ್ನೆ: ನಮ್ಮದು ಶಿರಸಿ ತಾಲೂಕಿನ ಒಂದು ಹಳ್ಳಿ. ಅಜ್ಜನ ಕಾಲದ ಮನೆ, ಇಳಿಜಾರಿನಲ್ಲಿ ಕಟ್ಟಿದ್ದು. ಜಗಲಿಯ ಕೆಳಗೆ ನೆಲಮಾಳಿಗೆಯಂಥ ಒಂದು ಕೋಣೆ ಇದೆ, 12 ಅಡಿಗೆ 15 ಅಡಿ. ಚಿರೇಕಲ್ಲಿನ ಗೋಡೆ. ಹಿಂದಿನ ಗೋಡೆ ಧರೆಗೆ, ಅಂದರೆ ಗುಡ್ಡ ಕಡಿದ ಮಣ್ಣಿನ ಗೋಡೆಗೆ, ತಾಗಿಕೊಂಡೇ ಇದೆ. ನೆಲಕ್ಕೆ ಅಪ್ಪಯ್ಯ 1984ರಲ್ಲಿ ಕಾಂಕ್ರೀಟ್ ಹಾಕಿಸಿದ್ದರು. ಈಗ ಅದು ಒಂದು ಕಡೆ ಉಬ್ಬಿದೆ, ಇನ್ನೊಂದು ಕಡೆ ಕುಸಿದಿದೆ, ಅಲ್ಲಲ್ಲಿ ಬಿರುಕು. ಇಷ್ಟು ದಿನ ಚಾಲಿ ಅಡಿಕೆಯ ಚೀಲ ಇಡುತ್ತಿದ್ದೆವು. ಮಗ ಈಗ ಮನೆಯಿಂದಲೇ ಕೆಲಸ ಮಾಡುತ್ತಾನೆ. ಅವನಿಗೆ ಆಫೀಸ್ ಕೋಣೆ ಮಾಡಿಕೊಡಬೇಕು ಅಂತಿದೆ. ಒಬ್ಬ ಮೇಸ್ತ್ರಿ ಅರ್ಧ ಇಂಚು ಗಾರೆ ಎಳೆದು ಟೈಲ್ಸ್ ಹಾಕೋಣ ಎನ್ನುತ್ತಾರೆ. ಇನ್ನೊಬ್ಬರು ಸೆಲ್ಫ್ ಲೆವೆಲಿಂಗ್ (ತಾನಾಗಿ ಹರಡಿ ಮಟ್ಟವಾಗುವ ತೆಳು ಸಿಮೆಂಟ್ ಮಿಶ್ರಣ) ಸುರಿದರೆ ಒಂದೇ ದಿನದಲ್ಲಿ ಕನ್ನಡಿಯ ಹಾಗೆ ಆಗುತ್ತದೆ ಎನ್ನುತ್ತಾರೆ. ಯಾವುದು ಸರಿ? ಮಳೆಗಾಲದಲ್ಲಿ ನೆಲ ಸ್ವಲ್ಪ ಪಸೆ ಇರುತ್ತದೆ, ಅಷ್ಟೇ. ಮುಂಚೆ ಕೆಳಮಗ್ಗುಲ ಗೋಡೆಯ ಬುಡದಲ್ಲಿ ಒಂದು ತೂತು ಇತ್ತು. ಇಲಿ ಬರುತ್ತದೆ ಎಂದು ಏಳೆಂಟು ವರ್ಷದ ಹಿಂದೆ ಸಿಮೆಂಟ್ ತುಂಬಿ ಮುಚ್ಚಿದ್ದೇವೆ.

ಉತ್ತರ: ನೀವು ಕೊನೆಗೆ ಸುಮ್ನೆ ಹೇಳಿಬಿಟ್ಟ ಎರಡು ಮಾತು ಇವೆಯಲ್ಲ, ಪಸೆ ಮತ್ತು ತೂತು, ನನಗೆ ಬೇಕಾಗಿದ್ದು ಅವೇ. ಏರುಪೇರು ಕಣ್ಣಿಗೆ ಕಾಣುತ್ತದೆ, ಹಾಗಾಗಿ ಎಲ್ಲರೂ ಅದರ ಬಗ್ಗೆಯೇ ಮಾತಾಡುತ್ತಾರೆ. ಇಬ್ಬರು ಮೇಸ್ತ್ರಿಗಳ ಸಲಹೆಯೂ ನಿಮ್ಮ ಕೋಣೆಗೆ ಈಗಂತೂ ಬೇಡ. ಅರ್ಧ ಇಂಚು ಗಾರೆ ಎರಡು ಮಳೆಗಾಲ ಕಳೆಯುವುದರೊಳಗೆ ಎದ್ದು ಬರುತ್ತದೆ. ಸೆಲ್ಫ್ ಲೆವೆಲಿಂಗ್ ಒಂದೇ ಮಳೆಗಾಲಕ್ಕೆ ಎದ್ದರೂ ಆಶ್ಚರ್ಯ ಇಲ್ಲ.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ಕೆಲಸಕ್ಕೆ ಇಳಿದ ಹೊಸದರಲ್ಲಿ ಕುಮಟಾ ಕಡೆ ಒಂದು ಹಳೆ ಮನೆಯ ಉಗ್ರಾಣಕ್ಕೆ ಇದೇ ಅರ್ಧ ಇಂಚು ಗಾರೆ ಎಳೆಸಿದ್ದೆ. ಮಾರ್ಚ್ ತಿಂಗಳು, ನೆಲ ಒಣಗಿ ಗರಿಗರಿ ಇತ್ತು. ಎಳೆದ ಮೇಲೆ ನೋಡಲು ಚೆಂದವೇ ಆಗಿತ್ತು. ಆಗಸ್ಟ್‌ನಲ್ಲಿ ಮನೆಯವರು ಕರೆದು ತೋರಿಸಿದರು. ಕಾಲಿಟ್ಟಲ್ಲೆಲ್ಲ ಡಬ್ ಡಬ್ ಸದ್ದು. ಒಂದು ಮೂಲೆಯನ್ನು ಕರಣೆಯಿಂದ ಮೀಟಿದರೆ ದೋಸೆಯ ಹಾಗೆ ಇಡಿಯಾಗಿ ಎದ್ದು ಬಂತು. ಅದರ ಅಡಿಮೈ ಪೂರ್ತಿ ಒದ್ದೆ, ಹಳೆ ನೆಲದ ಒಂದು ಚೂರೂ ಅದಕ್ಕೆ ಅಂಟಿರಲಿಲ್ಲ. ಕೆಳಗಿನಿಂದ ಬರುವ ತೇವಕ್ಕೆ ನಾನು ಒಂದು ಮುಚ್ಚಳ ಹಾಕಿದ್ದೆ, ಅಷ್ಟೇ ಆಗಿದ್ದು. ಕಿತ್ತು ಮತ್ತೆ ಮಾಡಿಕೊಟ್ಟೆ, ಕೈಯಿಂದ ಖರ್ಚು.

ಹಾಗಾದರೆ ನಿಮ್ಮ ಕೋಣೆಗೆ ನೀರು ಎಲ್ಲಿಂದ ಬರುತ್ತಿದೆ? ಶಿರಸಿ ಕಡೆ ವರ್ಷಕ್ಕೆ ಸುಮಾರು ಎರಡೂವರೆ ಸಾವಿರ ಮಿಮೀ ಮಳೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಚಿರೇಕಲ್ಲು ತೂತುತೂತಿನ ಕಲ್ಲು, ನೀರು ಕುಡಿಯುತ್ತದೆ. ಅದರ ಹಿಂದೆಯೇ ಧರೆ. ಜುಲೈ ಹೊತ್ತಿಗೆ ಧರೆಯಲ್ಲಿ ಜಲ ಏಳುವುದು ನಿಮಗೆ ಗೊತ್ತಿರುವುದೇ. ಅದರ ಮೇಲೆ ಸೂರಿನ ನೀರು ಬೇರೆ. ಒಂದು ಲೆಕ್ಕ ನೋಡಿ. ಸಾವಿರ ಚದರಡಿ ಮಾಡಿನ ಮೇಲೆ ಒಂದು ದಿನ 100 ಮಿಮೀ ಮಳೆ ಬಿದ್ದರೆ ಒಂಬತ್ತು ಸಾವಿರ ಲೀಟರಿಗಿಂತ ಜಾಸ್ತಿ ನೀರು. ಅದರಲ್ಲಿ ಅರ್ಧ ಹಿಂದಿನ ಸೂರಿನಿಂದ ಸುರಿಯುತ್ತದೆ ಎಂದುಕೊಂಡರೂ, ಒಂದೇ ದಿನದಲ್ಲಿ ನಾಲ್ಕೂವರೆ ಸಾವಿರ ಲೀಟರ್ ನಿಮ್ಮ ಗೋಡೆಯ ಬೆನ್ನಿಗೇ ಇಳಿಯುತ್ತದೆ. ಹಿಂದಿನ ಸೂರಿಗೆ ನೀರು ಹಿಡಿಯುವ ದೋಣಿ ಇದೆಯೇ? ನೀವು ಬರೆದಿಲ್ಲ. ಹಳೆ ಮನೆಗಳಲ್ಲಿ ಎದುರಿಗೆ ಇರುತ್ತದೆ, ಹಿಂದೆ ಇರುವುದಿಲ್ಲ.

ಈಗ ಆ ತೂತಿನ ವಿಷಯ. ಇಳಿಜಾರಿನ ಮನೆಯ ಕೆಳಕೋಣೆಯಲ್ಲಿ ಕೆಳಮಗ್ಗುಲಿಗೆ, ಅದೂ ಗೋಡೆಯ ಬುಡದಲ್ಲೇ ತೂತು ಇದೆ ಎಂದರೆ ಅದು ಇಲಿ ಕೊರೆದಿದ್ದಲ್ಲ. ಒಳಗೆ ಬಂದ ನೀರು ಹೊರಗೆ ಹೋಗಲಿ ಎಂದು ಬಿಟ್ಟಿದ್ದು. ನಿಮ್ಮ ನೆಲ ಒಂದು ಕಡೆ ತಗ್ಗು ಎನ್ನುತ್ತೀರಲ್ಲ, ಆ ತಗ್ಗಿನಲ್ಲಿ ಸ್ವಲ್ಪ ಭಾಗ ಕುಸಿತವಲ್ಲ, ನೀರು ಹರಿಯಲಿ ಎಂದು ಬೇಕೆಂದೇ ಕೊಟ್ಟ ವಾಟ, ಅಂದರೆ ಇಳಿಜಾರು, ಇರಬಹುದು. ತೂತು ಮುಚ್ಚಿದ ಮೇಲೆ ನೀರು ಕಾಂಕ್ರೀಟಿನ ಅಡಿಯಲ್ಲೇ ನಿಂತಿದೆ. ನಿಂತ ನೀರು ಮಣ್ಣನ್ನು ಮೆತ್ತಗೆ ಮಾಡಿದೆ. ಇಳಿಜಾರಿನಲ್ಲಿ ಕಟ್ಟುವಾಗ ಮೇಲಿನ ಅರ್ಧ ಕಡಿದ ಗಟ್ಟಿ ನೆಲ, ಕೆಳಗಿನ ಅರ್ಧ ತುಂಬಿದ ಮಣ್ಣು ಆಗಿರುತ್ತದೆ. ತುಂಬಿದ ಕಡೆ ಕುಸಿಯುತ್ತದೆ, ಗಟ್ಟಿ ಇದ್ದ ಕಡೆ ಹಾಗೇ ಉಳಿಯುತ್ತದೆ. ಆ ಉಳಿದದ್ದೇ ನಿಮಗೆ ಉಬ್ಬಿನ ಹಾಗೆ ಕಾಣುತ್ತಿದೆ ಎಂದು ನನ್ನ ಅಂದಾಜು. ಹತ್ತಿರ ಹಲಸಿನ ಮರ ಇದ್ದರೆ ಮಾತ್ರ ಬೇರು ಎತ್ತಿರಬಹುದು, ಅದನ್ನೂ ನೋಡಿಕೊಳ್ಳಿ.

ಅಂದಾಜು ಸಾಕಾಗುವುದಿಲ್ಲ, ಅಳೆಯೋಣ. ಅದಕ್ಕೆ ದೊಡ್ಡ ಉಪಕರಣ ಬೇಡ, ನೀರು ತುಂಬಿದ ಪಾರದರ್ಶಕ ಪೈಪ್ ಒಂದು ಸಾಕು. ಮೇಸ್ತ್ರಿಯ ಹತ್ತಿರ ಇದ್ದೇ ಇರುತ್ತದೆ. ಪೈಪಿನಲ್ಲಿ ಗಾಳಿಗುಳ್ಳೆ ಉಳಿಯದ ಹಾಗೆ ನೋಡಿಕೊಂಡು, ನಾಲ್ಕೂ ಗೋಡೆಗೆ ಒಂದೇ ಮಟ್ಟದಲ್ಲಿ ಗುರುತು ಮಾಡಿ ದಾರ ಕಟ್ಟಿ. ದಾರದಿಂದ ನೆಲಕ್ಕೆ ಎರಡೆರಡು ಅಡಿಗೆ ಒಂದು ಅಳತೆ ತೆಗೆದು ಸೀಮೆಸುಣ್ಣದಲ್ಲಿ ನೆಲದ ಮೇಲೇ ಬರೆಯಿರಿ. ಐವತ್ತು ಚಿಲ್ಲರೆ ಅಂಕಿ ಆಗುತ್ತದೆ. ಹಿಂದಿನ ಗೋಡೆಯಿಂದ ತೂತಿನ ಕಡೆಗೆ ಅಳತೆ ಸರಾಗವಾಗಿ ಜಾಸ್ತಿಯಾಗುತ್ತಾ ಹೋದರೆ ಅದು ವಾಟ. ನಡುವೆ ಬಟ್ಟಲಿನ ಹಾಗೆ ಗುಂಡಿ ಕಂಡರೆ ಅದು ಕುಸಿತ. ನಿಮ್ಮಲ್ಲಿ ಎರಡೂ ಇರಬಹುದು.

ಆಮೇಲೆ ಸುತ್ತಿಗೆ. ಸಣ್ಣದು ಸಾಕು. ಅಡಿಗೊಂದು ಕಡೆ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಇದ್ದ ಕಡೆ ಠಣ್ ಎನ್ನುತ್ತದೆ, ಟೊಳ್ಳು ಇದ್ದ ಕಡೆ ಮಡಕೆ ತಟ್ಟಿದ ಹಾಗೆ ಕೇಳುತ್ತದೆ. ಟೊಳ್ಳಿಗೆಲ್ಲ ಗೆರೆ ಎಳೆಯಿರಿ. ಬಿರುಕಿನ ಮೇಲೆ ಅಲ್ಲಲ್ಲಿ ಬೆರಳಗಲ ಸಿಮೆಂಟ್ ಪಟ್ಟಿ ಹಚ್ಚಿ, ಪಕ್ಕದಲ್ಲಿ ತಾರೀಕು ಬರೆಯಿರಿ. ಎರಡು ಮೂರು ತಿಂಗಳಲ್ಲಿ ಪಟ್ಟಿಯೂ ಸೀಳಿದರೆ ನೆಲ ಇನ್ನೂ ಓಡಾಡುತ್ತಿದೆ ಎಂದರ್ಥ. ಬಿರುಕು ನೆಲದಿಂದ ಗೋಡೆಗೆ ಹತ್ತಿದ್ದರೆ, ಮೇಲೆ ಹೋಗುತ್ತಾ ಅಗಲವಾಗಿದ್ದರೆ, ನನ್ನ ಉತ್ತರ ಇಲ್ಲಿಗೇ ಬಿಡಿ. ಮೊದಲು ಎಂಜಿನಿಯರ್ ಒಬ್ಬರನ್ನು ಕರೆದು ಅಡಿಪಾಯ ತೋರಿಸಿ.

ತೇವದ ಪರೀಕ್ಷೆ ಇನ್ನೂ ಸುಲಭ. ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆ ತೆಗೆದುಕೊಳ್ಳಿ. ನೆಲ ಗುಡಿಸಿ, ಹಾಳೆ ಹಾಸಿ, ನಾಲ್ಕೂ ಅಂಚಿಗೆ ಗಾಳಿ ಹೋಗದ ಹಾಗೆ ಟೇಪ್ ಅಂಟಿಸಿ. ಕನಿಷ್ಠ 16 ಗಂಟೆ ಬಿಡಬೇಕು. ನಾನು ಒಂದು ಪೂರ್ತಿ ದಿನ ಬಿಡುತ್ತೇನೆ. ಧರೆ ಗೋಡೆಯ ಹತ್ತಿರ ಒಂದು, ನಡುವೆ ಒಂದು, ತೂತಿದ್ದ ಮೂಲೆಯಲ್ಲಿ ಒಂದು ಹಾಕಿ. ಎತ್ತಿದಾಗ ಹಾಳೆಯ ಅಡಿಯಲ್ಲಿ ಹನಿ ಕಟ್ಟಿದ್ದರೆ, ಕಾಂಕ್ರೀಟ್ ಕಪ್ಪಾಗಿದ್ದರೆ ನೀರು ಕೆಳಗಿನಿಂದ ಬರುತ್ತಿದೆ. ಅಡಿ ಒಣಗಿದ್ದು ಮೇಲ್ಮೈ ಮಾತ್ರ ಒದ್ದೆಯಾಗಿದ್ದರೆ ಅದು ಗಾಳಿಯ ತೇವ. ತಣ್ಣಗಿನ ನೆಲಕ್ಕೆ ಮಳೆಗಾಲದ ಹಸಿ ಗಾಳಿ ತಾಗಿ ನೆಲ ಬೆವರುತ್ತದೆ. ಹೊರಗೆ ಮಳೆ ಹೊಯ್ಯುವಾಗ ‘ಗಾಳಿ ಆಡಲಿ’ ಎಂದು ಕಿಟಕಿ ತೆರೆದಿಟ್ಟರೆ ಬೆವರು ಜಾಸ್ತಿಯಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಈ ಪರೀಕ್ಷೆಯನ್ನು ಮಳೆಗಾಲ ಮುಗಿಯುವ ಹೊತ್ತಿಗೆ, ಸೆಪ್ಟೆಂಬರ್ ಇಲ್ಲವೇ ಅಕ್ಟೋಬರ್‌ನಲ್ಲಿ ಮಾಡಬೇಕು. ಮಾರ್ಚ್‌ನಲ್ಲಿ ಮಾಡಿದರೆ ನೆಲ ಸುಳ್ಳು ಹೇಳುತ್ತದೆ, ಕುಮಟಾದಲ್ಲಿ ನನಗೆ ಹೇಳಿದ ಹಾಗೆ.

ನೀರಿಗೆ ದಾರಿ ಮಾಡುವ ಕೆಲಸ ನಿಮಗೆ ಹೊಸದಲ್ಲ. ತೋಟಕ್ಕೆ ಬಸಿಗಾಲುವೆ ತೆಗೆಯದೆ ಅಡಿಕೆ ಬೆಳೆದವರು ನಿಮ್ಮೂರಲ್ಲಿ ಯಾರಿದ್ದಾರೆ? ಮನೆಗೂ ಅದೇ ಬೇಕು. ಮೊದಲು ಹಿಂದಿನ ಸೂರಿಗೆ ದೋಣಿ ಹಾಕಿಸಿ, ನೀರನ್ನು ಪೈಪಿನಲ್ಲಿ ಮನೆಯ ಬದಿಗೆ ದಾಟಿಸಿ, ಕೆಳಕ್ಕೆ ಬಿಡಿ. ಆಮೇಲೆ ಧರೆಯ ನೆತ್ತಿಯಲ್ಲಿ, ಅಂಚಿನಿಂದ ನಾಲ್ಕೈದು ಅಡಿ ಹಿಂದೆ ಒಂದು ಸಣ್ಣ ಕಾಲುವೆ. ಅದಕ್ಕೆ ಸಿಮೆಂಟ್ ಮೆತ್ತಿ ಇಲ್ಲವೇ ಸೀಳಿದ ಪೈಪ್ ಇಡಿ. ಹಾಗೇ ಬಿಟ್ಟ ಮಣ್ಣಿನ ಕಾಲುವೆ ನೀರನ್ನು ಸಾಗಿಸುವ ಬದಲು ಧರೆಗೇ ಕುಡಿಸುತ್ತದೆ. ಗೋಡೆಯ ಹಿಂದೆ ಜಾಗ ಮಾಡಿಕೊಳ್ಳುತ್ತೇನೆ ಎಂದು ಧರೆಯ ಬುಡವನ್ನು ಮಾತ್ರ ಕೆರೆಯಬೇಡಿ. 2021ರಲ್ಲಿ ಯಲ್ಲಾಪುರದ ಕಳಚೆಯಲ್ಲಿ, 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೇಗೆ ಇಳಿಯಿತು ಎಂದು ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮನೆ ಹಿಂದಿನ ಧರೆ ಚಿಕ್ಕದೇ ಇರಬಹುದು, ಆದರೆ ಬುಡ ಕಡಿದರೆ ಅದೂ ಇಳಿಯುತ್ತದೆ.

ಇಷ್ಟಾದರೂ ಹಿಂದಿನ ಗೋಡೆಯಿಂದ ಸ್ವಲ್ಪ ನೀರು ಒಸರುವುದು ನಿಲ್ಲಲಿಕ್ಕಿಲ್ಲ. ಒಳಗಿನಿಂದ ವಾಟರ್‌ಪ್ರೂಫ್ ಬಳಿಯೋಣ ಎಂದು ಯಾರಾದರೂ ಬರುತ್ತಾರೆ. ಬೇಡ. ನೀರು ಹಿಂದಿನಿಂದ ತಳ್ಳುತ್ತದೆ, ಬಳಿದದ್ದು ಹಪ್ಪಳದ ಹಾಗೆ ಉಬ್ಬಿ ಉದುರುತ್ತದೆ. ನಾನಾದರೆ ನೀರಿನ ಜೊತೆ ಜಗಳಕ್ಕೆ ಹೋಗುವುದಿಲ್ಲ. ಹಿಂದಿನ ಗೋಡೆಯ ಉದ್ದಕ್ಕೂ ಒಳಗಡೆ ನಾಲ್ಕು ಇಂಚು ಅಗಲ, ಮೂರು ಇಂಚು ಆಳದ ಒಂದು ಕಾಲುವೆ ಬಿಡುತ್ತೇನೆ. ಅದನ್ನು ಪಕ್ಕದ ಗೋಡೆಯ ಬುಡದಲ್ಲೇ ತಂದು, ನೀವು ಮುಚ್ಚಿದ ಆ ತೂತಿಗೆ ಸೇರಿಸುತ್ತೇನೆ. ಮೇಲೆ ತೆಗೆದು ಹಾಕಲು ಬರುವಂಥ ಕಲ್ಲಿನ ಹಲಗೆ. ಒಸರಿದ ನೀರು ನೆಲದ ಮೇಲೂ ಬರುವುದಿಲ್ಲ, ಅಡಿಯಲ್ಲೂ ನಿಲ್ಲುವುದಿಲ್ಲ. ಕಾಲುವೆ ತೋಡುವಾಗ ಗೋಡೆಯ ಅಡಿಪಾಯಕ್ಕಿಂತ ಕೆಳಗೆ ಹೋಗದ ಹಾಗೆ ಎದುರಿಗೆ ನಿಂತು ನೋಡಿಕೊಳ್ಳಿ.

ಇನ್ನು ನೆಲ. ಪ್ಲಾಸ್ಟಿಕ್ ಅಡಿ ಒಣಗಿತ್ತು, ಟೊಳ್ಳು ಹೆಚ್ಚೇನಿಲ್ಲ ಎಂದಾದರೆ ಹಳೆ ಕಾಂಕ್ರೀಟ್ ಉಳಿಸಿಕೊಳ್ಳಬಹುದು. ಟೊಳ್ಳು ಇದ್ದಷ್ಟನ್ನು ಒಡೆದು ತೆಗೆದು, ಉಳಿದದ್ದಕ್ಕೆ ಉಳಿಯಿಂದ ಒತ್ತೊತ್ತಾಗಿ ಕಚ್ಚು ಹೊಡೆಸಿ. ಎರಡು ಇಂಚು ದಪ್ಪದ ಹೊಸ ಕಾಂಕ್ರೀಟ್ ಹಾಕಬೇಕು. ಎಲ್ಲಿಯೂ ಒಂದೂವರೆ ಇಂಚಿಗಿಂತ ಕಡಿಮೆ ಆಗಬಾರದು. ಉಬ್ಬಿನ ಮೇಲೆ ತೆಳುವಾಗುತ್ತದೆ ಎಂದು ಕಂಡರೆ ಉಬ್ಬನ್ನು ಕಡಿಯಿರಿ. ಅಂಚಿಗೆ ಕೆನೆಯಷ್ಟು ತೆಳ್ಳಗೆ ಎಳೆದ ಗಾರೆ ಎಂದೂ ಉಳಿದಿದ್ದಿಲ್ಲ.

ಹಾಳೆಯ ಅಡಿ ಒದ್ದೆ ಇತ್ತು, ಅರ್ಧಕ್ಕಿಂತ ಜಾಸ್ತಿ ಟೊಳ್ಳು ಎಂದಾದರೆ ಪೂರ್ತಿ ಒಡೆಯುವುದೇ ಸರಿ. ನಿಮ್ಮ ವಿವರ ಓದಿದರೆ ನನಗೆ ಇದೇ ಆಗುತ್ತದೆ ಅನಿಸುತ್ತದೆ. ಬೇಜಾರು ಮಾಡಿಕೊಳ್ಳಬೇಡಿ. ಹಳೆ ಕೆಳಕೋಣೆಗಳ ಎತ್ತರವೇ ಕಡಿಮೆ, ಮೇಲೆ ಮೇಲೆ ಹಾಕುತ್ತಾ ಹೋದರೆ ಮಗನ ತಲೆ ತೊಲೆಗೆ ತಾಗುತ್ತದೆ. ಒಡೆದರೆ ಎತ್ತರ ಉಳಿಯುತ್ತದೆ. ಕೆಳಗಿನ ಮಣ್ಣನ್ನು ನೀರು ಹಾಕಿ ದಿಮ್ಮಿಸಿ. ಮೇಲೆ ಆರು ಇಂಚು 40 ಮಿಮೀ ಜಲ್ಲಿ. ಈ ಜಲ್ಲಿಯಲ್ಲಿ ಪುಡಿ ಇರಬಾರದು. ದೊಡ್ಡ ಜಲ್ಲಿಯ ನಡುವಿನ ಸಂದು ದಾಟಿ ತೇವ ಮೇಲೆ ಹತ್ತಲಾರದು, ಪುಡಿ ತುಂಬಿದರೆ ಹತ್ತುತ್ತದೆ. ಅದರ ಮೇಲೆ ತೆಳ್ಳಗೆ ಉಸುಕು, ಉಸುಕಿನ ಮೇಲೆ ಸಾವಿರ ಗೇಜ್, ಅಂದರೆ 250 ಮೈಕ್ರಾನ್ ಪ್ಲಾಸ್ಟಿಕ್ ಹಾಳೆ. ಒಂದರ ಮೇಲೊಂದು ಒಂದಡಿ ಬರುವ ಹಾಗೆ ಹಾಸಿ ಟೇಪ್ ಹಚ್ಚಿ, ಗೋಡೆಯ ಬದಿಗೆ ಮೂರು ಇಂಚು ಮೇಲೆ ಮಡಚಿ. ಅದರ ಮೇಲೆ ನಾಲ್ಕು ಇಂಚು ಕಾಂಕ್ರೀಟ್. ಕೆಲಸದವರ ಕಾಲಿಗೆ, ಬಾಂಡ್ಲಿಯ ಅಂಚಿಗೆ ಸಿಕ್ಕಿ ಹಾಳೆ ಹರಿಯುತ್ತದೆ. ಎದುರಿಗೆ ಇದ್ದು ನೋಡಿ, ಹರಿದಲ್ಲಿ ತೇಪೆ ಹಾಕಿಸಿ.

ಒಡೆಯುವಾಗ ಬಾಗಿಲು ಕಿಟಕಿ ತೆರೆದಿಡಿ, ಕಾಂಕ್ರೀಟಿಗೆ ನೀರು ಚಿಮುಕಿಸುತ್ತಾ ಒಡೆಸಿ, ಎಲ್ಲರಿಗೂ ಎನ್95 ಮಾಸ್ಕ್ ಕೊಡಿ. ಬರೀ ಟವೆಲ್ ಕಟ್ಟಿಕೊಂಡರೆ ಆ ಧೂಳು ತಡೆಯುವುದಿಲ್ಲ. ಕರೆಂಟ್ ಹೋಯಿತು ಎಂದು ಜನರೇಟರನ್ನು ಕೋಣೆಯ ಒಳಗೆ ತರಬೇಡಿ. ಅದರ ಹೊಗೆ ಮುಚ್ಚಿದ ಜಾಗದಲ್ಲಿ ಜೀವ ತೆಗೆಯುತ್ತದೆ.

ಎರಡು ಇಂಚಿನ ಕೆಲಸಕ್ಕೆ ನಿಮ್ಮ 180 ಚದರಡಿಗೆ ಲೆಕ್ಕ ಹೇಳುತ್ತೇನೆ. ಒಂದು ಪಾಲು ಸಿಮೆಂಟಿಗೆ ಎರಡು ಪಾಲು ಉಸುಕು, ನಾಲ್ಕು ಪಾಲು ಜಲ್ಲಿಯ ಮಿಶ್ರಣ. ಸಿಮೆಂಟ್ ಆರು ಚೀಲ, ತಗ್ಗು ತುಂಬಲು ಇನ್ನೊಂದು. ಉಸುಕು 15 ಘನಅಡಿ, ಬೇಬಿ ಜಲ್ಲಿ (ಸಣ್ಣ ಜಲ್ಲಿ) 28 ಘನಅಡಿ. ಚೀಲಕ್ಕೆ 25 ಲೀಟರ್ ನೀರು, ಉಸುಕು ಹಸಿ ಇದ್ದರೆ ಇನ್ನೂ ಕಡಿಮೆ. ಕೆಲಸ ಸುಲಭವಾಗಲಿ ಎಂದು ಸಾರಿನ ಹಾಗೆ ಕಲಸುತ್ತಾರೆ, ಬಿಡಬೇಡಿ. ಆ ಹೆಚ್ಚಿನ ನೀರೇ ಮುಂದೆ ಬಿರುಕಾಗುತ್ತದೆ, ಮೇಲ್ಮೈ ಪುಡಿಯಾಗುತ್ತದೆ.

ಉಸುಕಿನ ಬಗ್ಗೆ ಒಂದು ಮಾತು. ಇದು ನಿಮಗಿಂತ ಕಾರವಾರ, ಅಂಕೋಲಾ, ಹೊನ್ನಾವರದ ಓದುಗರಿಗೆ. ಅಳಿವೆ ಹತ್ತಿರದ ಉಸುಕಿನಲ್ಲಿ ಉಪ್ಪು ಇರುತ್ತದೆ. ಉಪ್ಪು ಗಾಳಿಯಿಂದಲೇ ನೀರು ಎಳೆದುಕೊಳ್ಳುತ್ತದೆ. ಅಡಿಗೆಮನೆಯ ಉಪ್ಪಿನ ಡಬ್ಬಿ ಜುಲೈನಲ್ಲಿ ಏನಾಗುತ್ತದೆ ನೋಡಿ, ಅದೇ ನಿಮ್ಮ ನೆಲದಲ್ಲಿ ಆಗುತ್ತದೆ. ಒಳಗೆ ಕಬ್ಬಿಣ ಇದ್ದರೆ ತುಕ್ಕು ಬೇರೆ. ಒಳನಾಡಿನ ಉಸುಕು ಇಲ್ಲವೇ ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿ ತಯಾರಿಸಿದ ಉಸುಕು) ತರಿಸಿ.

ಹಳೆ ಕಾಂಕ್ರೀಟಿನ ಮೇಲೆ ಹೊಸದು ಕೂರಬೇಕಾದರೆ ಹಿಂದಿನ ರಾತ್ರಿಯೇ ನೆಲಕ್ಕೆ ನೀರು ಕುಡಿಸಿ. ಬೆಳಿಗ್ಗೆ ನಿಂತ ನೀರು ಒರೆಸಿ ತೆಗೆಯಿರಿ. ನೆಲ ಒಳಗೆ ತಣ್ಣಗೆ, ಮೇಲೆ ಒಣಗಿರಬೇಕು. ಸಿಮೆಂಟ್ ಸ್ಲರಿಯನ್ನು (ನೀರಿನಲ್ಲಿ ಕಲಸಿದ ಬರೀ ಸಿಮೆಂಟ್) ಪೊರಕೆಯಿಂದ ತಿಕ್ಕಿ ಹಚ್ಚಿ, ಅದು ಹಸಿ ಇರುವಾಗಲೇ ಕಾಂಕ್ರೀಟ್ ಬೀಳಬೇಕು. ಎಷ್ಟೋ ಕಡೆ ಬೆಳಿಗ್ಗೆಯೇ ಇಡೀ ಕೋಣೆಗೆ ಸ್ಲರಿ ಹಚ್ಚಿ ಚಹಾಕ್ಕೆ ಹೋಗುತ್ತಾರೆ. ಒಣಗಿದ ಸ್ಲರಿ ಅಂಟಲ್ಲ, ಜಾರುವ ಪದರ. ಹಾಗಾಗಿ ಕೋಣೆಯನ್ನು ಆರು ಅಡಿಗೆ ಐದು ಅಡಿಯ ಆರು ತುಂಡು ಮಾಡಿ. ಒಂದು ಬಿಟ್ಟು ಒಂದು ಹಾಕಿ, ಮಾರನೇ ದಿನ ಉಳಿದದ್ದು. ಕುಗ್ಗುವಾಗ ಬಿರುಕು ಆ ಗೆರೆಯಲ್ಲೇ ಬರುತ್ತದೆ, ನಡುವೆ ಅಲ್ಲ. ನೀರು ಮೇಲೆ ಬಂತು ಎಂದು ಒಣ ಸಿಮೆಂಟ್ ಉದುರಿಸಿ ಉಜ್ಜುವುದು ಬೇಡವೇ ಬೇಡ, ಜೇಡರ ಬಲೆಯಂಥ ಬಿರುಕು ಅದರಿಂದಲೇ ಬರುವುದು.

ನೆಲವನ್ನು ಪೂರ್ತಿ ಮಟ್ಟ ಮಾಡಬೇಡಿ. ಕಾಲುವೆಯ ಕಡೆಗೆ ಸಣ್ಣ ವಾಟ ಕೊಡಿ. 15 ಅಡಿ ಉದ್ದಕ್ಕೆ ಒಂದು ಇಂಚಿಗಿಂತ ಸ್ವಲ್ಪ ಜಾಸ್ತಿ ಇಳಿಜಾರು ಇದ್ದರೆ ಸಾಕು, ನಡೆಯುವಾಗ ಗೊತ್ತೇ ಆಗುವುದಿಲ್ಲ. ಮಗನ ಮೇಜಿನ ಕಾಲಿಗೆ ಒಂದು ರಟ್ಟು ಇಡಬೇಕಾಗಬಹುದು. ಇಟ್ಟುಕೊಳ್ಳಲಿ.

ಹೊಸ ಕಾಂಕ್ರೀಟ್ ಗಟ್ಟಿಯಾಗಲು ಅದನ್ನು ನೀರಿನಲ್ಲಿ ನೆನೆಸಿಡುವುದು ಹತ್ತು ದಿನ. ಏಳು ದಿನ ಸಾಕು ಎನ್ನುವುದು ಸಾದಾ ಸಿಮೆಂಟಿನ ಲೆಕ್ಕ. ಈಗ ಅಂಗಡಿಯಲ್ಲಿ ಹೆಚ್ಚಾಗಿ ಸಿಗುವುದು ಪಿಪಿಸಿ, ಅಂದರೆ ಹಾರುಬೂದಿ ಬೆರೆಸಿದ ಸಿಮೆಂಟ್. ಅದಕ್ಕೆ ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456ರ ಪ್ರಕಾರವೂ ಹತ್ತು ದಿನ ಬೇಕು. ಹಳೆ ಅಡಿಕೆ ಚೀಲ ಇದ್ದೇ ಇವೆ, ಹಾಸಿ ನೆನೆಸುತ್ತಿರಿ.

ಸೆಲ್ಫ್ ಲೆವೆಲಿಂಗ್ ಕೆಟ್ಟ ವಸ್ತು ಅಲ್ಲ. ಮೇಲಿನ ಅಂತಸ್ತಿನ ಒಣ ನೆಲದಲ್ಲಿ ನಾಲ್ಕೈದು ಮಿಮೀ ಏರುಪೇರು ಇದ್ದರೆ ಅದರಷ್ಟು ಚೆಂದದ ಕೆಲಸ ಬೇರೆ ಇಲ್ಲ. ಆದರೆ ಅದು ಒಣ, ಗಟ್ಟಿ ನೆಲ ಕೇಳುತ್ತದೆ, ಪ್ರೈಮರ್ ಕೇಳುತ್ತದೆ. ನಿಮ್ಮ ಕೋಣೆಗೆ ಸರಾಸರಿ 10 ಮಿಮೀ ಸುರಿದರೂ 25 ಕೆಜಿಯ ಹನ್ನೆರಡು ಚೀಲ ಬೇಕು. ಅಂಗಡಿಯಲ್ಲಿ ದರ ಕೇಳಿ ನೋಡಿ, ಆಮೇಲೆ ನೀವೇ ಬೇಡ ಎನ್ನುತ್ತೀರಿ.

ಮೇಲೆ ಏನು ಹಾಕುವುದು? ನನ್ನ ಮನಸ್ಸಿಗೆ ಬರುವುದು ಕಡಪಾ ಕಲ್ಲು ಅಥವಾ ಶಹಾಬಾದ್ ಫರಸಿ. ಇವನ್ನು ಒಂದು ಒಂದೂವರೆ ಇಂಚು ಗಾರೆಯ ಮೇಲೆ ಕೂರಿಸುವುದರಿಂದ ಸಣ್ಣಪುಟ್ಟ ಏರುಪೇರು ಅಲ್ಲೇ ಮುಚ್ಚಿಹೋಗುತ್ತದೆ. ಹೊಳಪು ಮಾಡದೆ ಒರಟಾಗಿಯೇ ಇಡಿ, ಮಳೆಗಾಲದಲ್ಲಿ ಬೆವರಿದರೂ ಜಾರುವುದಿಲ್ಲ. ಬರೀ ಸಿಮೆಂಟ್ ನೆಲವೂ ಆಗುತ್ತದೆ. ಹೊಳೆಯುವ ಟೈಲ್ಸ್, ವಿನೈಲ್, ಎಪಾಕ್ಸಿ ಬಣ್ಣ ಈ ಕೋಣೆಗೆ ಬೇಡ. ಎರಡು ಮಳೆಗಾಲ ನೋಡಿ, ನೆಲ ಒಣಗೇ ಉಳಿದರೆ ಆಗ ಟೈಲ್ಸ್ ಮಾತಾಡೋಣ.

ಒಡೆಯದೆ ಎರಡು ಇಂಚು ಏರಿಸುವುದಾದರೆ ಬಾಗಿಲ ಅಡಿ ಕತ್ತರಿಸಬೇಕು ಎಂದು ಎಲ್ಲರಿಗೂ ಹೊಳೆಯುತ್ತದೆ. ಮೆಟ್ಟಿಲು ಯಾರಿಗೂ ನೆನಪಾಗುವುದಿಲ್ಲ. ಕೊನೆಯ ಮೆಟ್ಟಿಲು ಮಾತ್ರ ಎರಡು ಇಂಚು ಗಿಡ್ಡ ಆಗುತ್ತದೆ. ವರ್ಷಗಟ್ಟಲೆ ಇಳಿದ ಕಾಲಿಗೆ ಹಳೆ ಲೆಕ್ಕವೇ ಗೊತ್ತು, ಕತ್ತಲಲ್ಲಿ ಮುಗ್ಗರಿಸುತ್ತಾರೆ. ಫರಸಿ ಹಾಕುವಾಗಲೇ ಮೆಟ್ಟಿಲುಗಳಿಗೂ ಕಲ್ಲು ಕೂರಿಸಿ ಎತ್ತರ ಹಂಚಿಬಿಡಿ. ಕಂಪ್ಯೂಟರ್ ಬರುವ ಕೋಣೆ, ಪ್ಲಗ್‌ಗಳನ್ನು ನೆಲದಿಂದ ಮೂರಡಿ ಮೇಲೆ ಹಾಕಿಸಿ, ಆ ಲೈನಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ ಸ್ವಿಚ್) ಇರಲಿ.

ದಿನದ ಲೆಕ್ಕ ಹೀಗೆ ಇಟ್ಟುಕೊಳ್ಳಿ. ಅಕ್ಟೋಬರ್ ಒಳಗೆ ಹಾಳೆ, ಸುತ್ತಿಗೆ, ಸೀಮೆಸುಣ್ಣದ ಕೆಲಸ. ಅಡಿಕೆ ಕೊಯ್ಲು ಶುರುವಾದರೆ ಆಳು ಸಿಗುವುದಿಲ್ಲ, ಹಾಗಾಗಿ ದೋಣಿ ಮತ್ತು ಮೇಲಿನ ಕಾಲುವೆ ಅದಕ್ಕೆ ಮೊದಲೇ ಆಗಲಿ. ಒಡೆಯುವುದು, ಕಾಂಕ್ರೀಟು ಫೆಬ್ರವರಿಯಲ್ಲಿ. ಕಲ್ಲು ಏಪ್ರಿಲ್‌ಗೆ. ಮಗನಿಗೆ ಅವಸರ ಇಲ್ಲದಿದ್ದರೆ ಈ ವರ್ಷ ದೋಣಿ, ಕಾಲುವೆ, ತೂತು ಇಷ್ಟೇ ಮಾಡಿ ಒಂದು ಮಳೆಗಾಲ ಕಾದು ನೋಡುವುದು ಇನ್ನೂ ಒಳ್ಳೆಯದು. ಎಷ್ಟು ಒಡೆಯಬೇಕು ಎಂದು ಆಗ ನೆಲವೇ ಹೇಳುತ್ತದೆ.

ತೂತನ್ನು ಬಿಡಿಸುವಾಗ ಎರಡು ಇಂಚಿನ ಪಿವಿಸಿ ಪೈಪ್ ಕೂರಿಸಿ, ಹೊರಗಡೆ ಸ್ವಲ್ಪ ಬಾಗಿರಲಿ. ಹೊರಬಾಯಿಗೆ ಕಾಲಿಂಚಿನ ಕಣ್ಣಿನ ಸ್ಟೀಲ್ ಜಾಳಿಗೆ ಸ್ಕ್ರೂ ಹಾಕಿ ಬಿಗಿಯಿರಿ, ತೆಗೆದು ತೊಳೆಯಲು ಬರಬೇಕು. ಇಲಿಯೂ ಬರುವುದಿಲ್ಲ, ಹಾವೂ ಬರುವುದಿಲ್ಲ. ಜಾಳಿಗೆಗೆ ಎಲೆ ಕಸ ಕಟ್ಟಿಕೊಳ್ಳುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಅದನ್ನು ತೆಗೆಯುವ ಕೆಲಸ ಆ ಕೋಣೆಯಲ್ಲಿ ಕೂರುವವನಿಗೇ ಕೊಡಿ.